ಮಿಯರ್ ಇಸ್ಟ್ ಕಾಲ್ಟ್, ಅಂದ್ರೆ ‘ನನಗೆ ಚಳಿ’

1/6
ಫೋಟೋದಲ್ಲಿರೋದು ನೆಕ್ಕಾರ್ ನದಿ. ದಡದಲ್ಲಿ ಕಾಣೋ ಹಳದಿ ಗೋಪುರದಲ್ಲಿ ಹೋಲ್ಡರ್ಲಿನ್ ಅನ್ನೋ ಕವಿ ತನ್ನ ಬದುಕಿನ ಕೊನೆಯ 36 ವರ್ಷ ಕಳೆದ. ಊರು ಟ್ಯೂಬಿಂಗನ್, ದಕ್ಷಿಣ ಜರ್ಮನಿ. 1477ರಲ್ಲಿ ಶುರುವಾದ ಯೂನಿವರ್ಸಿಟಿ ಇಲ್ಲಿದೆ. ಬೇಸಿಗೇಲಿ ರಾತ್ರಿ ಒಂಬತ್ತಾದ್ರೂ ಬೆಳಕು ಇರುತ್ತೆ, ಅದಕ್ಕೇ ಎಲ್ಲರ ಫೋಟೋನೂ ಇಷ್ಟು ಚೆಂದ ಬರೋದು 😄

ಆದ್ರೆ ಡಿಎಂನಲ್ಲಿ ನೀವೆಲ್ಲ ಕೇಳ್ತಿರೋದು ಒಂದೇ ಪ್ರಶ್ನೆ: “ನಾಲ್ಕು ವಾರದ ಸಮ್ಮರ್ ಕೋರ್ಸ್‌ನಲ್ಲಿ ಜರ್ಮನ್ ಬಂದೇ ಬಿಡುತ್ತಾ?” ಒಂದು ಸಾಲಲ್ಲಿ ಉತ್ತರ ಕೊಡೋಕಾಗಲ್ಲ. ಅದಕ್ಕೇ ಈ ಉದ್ದ ಕ್ಯಾಪ್ಶನ್. ಚಹಾ ತಗೊಂಡು ಕೂತ್ಕೊಳ್ಳಿ.

2/6
ಮೊದಲು ದುಡ್ಡಿನ ವಿಷಯ. ಶಿಷ್ಯವೇತನ ಸಿಕ್ಕಿದ್ದು ಖರ್ಚಿನ ಒಂದು ಭಾಗಕ್ಕೆ ಮಾತ್ರ. ಉಳಿದದ್ದು ಅಪ್ಪ ಸೊಸೈಟಿಯಲ್ಲಿ ಎತ್ತಿದ ಸಾಲ. ಹಾಗಾಗಿ ದಿನಾ ರಾತ್ರಿ ಮನೆಯಿಂದ ಫೋನ್ ಬಂದಾಗ ಅಮ್ಮ “ಊಟ ಆತೇನು?” ಅಂತ ಕೇಳಿದ ಮೇಲೆ ಎರಡನೇ ಪ್ರಶ್ನೆ, “ಮಾತಾಡಿದೇನು ಇವತ್ತು?”

ಮೊದಲ ವಾರ ನಾನು ಏನೂ ಮಾತಾಡಲಿಲ್ಲ. ಕ್ಲಾಸಿನೊಳಗೆ ಜರ್ಮನ್ ಬಿಟ್ಟು ಬೇರೆ ಭಾಷೆ ಬಳಸೋ ಹಾಗಿಲ್ಲ. ಬ್ರೇಕ್ ಬಂದ ಕೂಡಲೇ ಎಲ್ಲರೂ ಇಂಗ್ಲಿಷಿಗೆ ಜಾರ್ತಿದ್ರು. ಹತ್ತನೇ ಕ್ಲಾಸಿನವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ನನಗೆ ಇಂಗ್ಲಿಷೂ ಒಂದು ಕಲಿತ ಭಾಷೆನೇ. ಒಂದು ಕಲಿತ ಭಾಷೆಯಿಂದ ಇನ್ನೊಂದು ಕಲೀತಿರೋ ಭಾಷೆಗೆ ಹಾರೋದು, ಮಧ್ಯದಲ್ಲಿ ನಿಲ್ಲೋಕೆ ನೆಲವೇ ಇಲ್ಲದ ಹಾಗೆ.

ನನ್ನ ಕ್ಲಾಸ್‌ಮೇಟ್‌ಗಳಿಗೆ ಗೊತ್ತು, ನಾನು ಸುಮ್ಮನೆ ಕೂರೋ ಪೈಕಿ ಅಲ್ಲ. ಲ್ಯಾಬ್‌ನಲ್ಲಿ ನಗಿಸೋದು ನನ್ನ ಕೆಲಸ. ಅಲ್ಲಿ ನನ್ನ ಜೋಕಿಗೆ ಕ್ರಿಯಾಪದ ಸಿಗೋಷ್ಟರಲ್ಲಿ ವಿಷಯವೇ ಬದಲಾಗಿರ್ತಿತ್ತು. ಭಾಷೆ ಇಲ್ಲದಿದ್ರೆ ಅನ್ನ, ನೀರು, ಬಸ್ಸು ಹೇಗೋ ಸಿಗುತ್ತೆ. ‘ನಾನು ಇಂಥವಳು’ ಅಂತ ತೋರಿಸೋದು ಮಾತ್ರ ಆಗಲ್ಲ. ನನಗೆ ಕಷ್ಟ ಆಗಿದ್ದು ಅದೇ.

3/6
ಎರಡನೇ ವಾರ ಜೋರು ಮಳೆ, ಜುಲೈನಲ್ಲೂ ಸ್ವೆಟರ್. ಟೀಚರ್ ಬೋರ್ಡ್ ಮೇಲೆ ಬರೆದರು: ಮಿಯರ್ ಇಸ್ಟ್ ಕಾಲ್ಟ್. ಪದಕ್ಕೆ ಪದ ಇಟ್ರೆ ‘ನನಗೆ ಇದೆ ಚಳಿ’. ‘ನಾನು’ ಅಲ್ಲ ಕಣ್ರೀ, ‘ನನಗೆ’!

ಇಂಗ್ಲಿಷಿನಿಂದ ಯೋಚನೆ ಮಾಡೋರಿಗೆ ಇಲ್ಲಿ ತಲೆಬಿಸಿ, ಯಾಕಂದ್ರೆ ಇಂಗ್ಲಿಷಿನಲ್ಲಿ ಚಳಿಗೂ ‘ನಾನು’ ಅಂತಲೇ ಶುರು ಮಾಡ್ಬೇಕು. ಅದನ್ನೇ ಜರ್ಮನ್‌ಗೆ ತಂದು ‘ಇಷ್ ಬಿನ್ ಕಾಲ್ಟ್’ ಅಂದ್ರೆ ‘ನಾನು ತಣ್ಣನೆ ಮನಸ್ಸಿನವಳು’ ಅನ್ನೋ ಥರ ಕೇಳಿಸುತ್ತೆ. ನಮಗೇನು ಕಷ್ಟ? ನನಗೆ ಚಳಿ, ನನಗೆ ಹಸಿವು, ನನಗೆ ಬೇಕು. ಹುಟ್ಟಿದಾಗಿನಿಂದ ಹೀಗೇ ಮಾತಾಡ್ತಿದ್ದೀವಿ. ಕ್ಲಾಸ್ ಅರ್ಧ ಗಂಟೆ ಅದರ ಮೇಲೆ ಗುದ್ದಾಡ್ತಿತ್ತು. ಮೊದಲ ಸಲ ನಾನು ಕೈ ಎತ್ತಿದೆ.

4/6
ಅವತ್ತಿನಿಂದ ನೋಟ್‌ಬುಕ್‌ನ ಒಂದು ಪುಟದಲ್ಲಿ ಜರ್ಮನ್, ಎದುರು ಪುಟದಲ್ಲಿ ಕನ್ನಡ. ಇದನ್ನ ಸೇವ್ ಮಾಡ್ಕೊಳ್ಳಿ 👇

▪️ ‘ದಾಸ್’ (ನಮ್ಮ ‘ಅಂತ’) ಅಥವಾ ‘ವೈಲ್’ (ಯಾಕಂದ್ರೆ) ಬಂದ್ರೆ ಆ ಉಪವಾಕ್ಯದ ಕ್ರಿಯಾಪದ ಕೊನೆಗೆ ಹೋಗುತ್ತೆ. ‘ವೈಲ್ ಇಷ್ ಮ್ಯೂಡ ಬಿನ್’: ಯಾಕಂದ್ರೆ ನಾನು ದಣಿದು ಇದ್ದೀನಿ. ಕ್ರಿಯಾಪದಕ್ಕಾಗಿ ಕೊನೇವರೆಗೂ ಕಾಯೋದು ನಮಗೆ ಹೊಸದಲ್ಲ.
▪️ ಅವರಿಗೆ ನಾಲ್ಕೇ ವಿಭಕ್ತಿ. ಹೈಸ್ಕೂಲ್ ವ್ಯಾಕರಣದಲ್ಲಿ ಪ್ರಥಮಾ, ದ್ವಿತೀಯಾ ಅಂತ ಏಳು ಬಾಯಿಪಾಠ ಮಾಡಿದೋರು ನಾವು.
▪️ ‘ಡು’ ಅಂದ್ರೆ ನೀನು, ‘ಝೀ’ ಅಂದ್ರೆ ನೀವು. ಯಾರಿಗೆ ಯಾವುದು ಅಂತ ನಮಗೆ ಹೇಳಿಕೊಡಬೇಕಾ?

ಎಲ್ಲಾ ಸಲೀಸು ಅಂದ್ಕೋಬೇಡಿ. ಗುಂಡಿಗಳೂ ಇವೆ:
▪️ ಲಿಂಗ. ಕನ್ನಡದಲ್ಲಿ ಅರ್ಥ ನೋಡಿದ್ರೆ ಲಿಂಗ ಗೊತ್ತಾಗುತ್ತೆ. ಅಲ್ಲಿ ಚಂದ್ರ ಪುಲ್ಲಿಂಗ, ಸೂರ್ಯ ಸ್ತ್ರೀಲಿಂಗ, ‘ಹುಡುಗಿ’ ಅನ್ನೋ ಪದ ನಪುಂಸಕಲಿಂಗ! ಪ್ರತಿ ಪದವನ್ನೂ ಡೆರ್, ಡೀ, ದಾಸ್ ಸೇರಿಸಿಯೇ ಕಲೀಬೇಕು, ಬೇರೆ ದಾರಿ ಇಲ್ಲ.
▪️ ಗಂಟೆ. ‘ಹಾಲ್ಬ್ ಡ್ರೈ’ ಅಂದ್ರೆ ಮೂರೂವರೆ ಅಲ್ಲ, ಎರಡೂವರೆ. ಮೂರಕ್ಕೆ ಅರ್ಧ ಬಾಕಿ ಅಂತ ಲೆಕ್ಕ.
▪️ ಸಂಖ್ಯೆ. 21ಕ್ಕೆ ‘ಒಂದು ಮತ್ತು ಇಪ್ಪತ್ತು’ ಅಂತಾರೆ. ಫೋನ್ ನಂಬರ್ ಬರ್ಕೊಳ್ಳೋವಾಗ ಹುಷಾರು.

5/6
ಈಗ ನಮ್ಮೂರಿನ ಕೊಂಡಿ. ಧಾರವಾಡದ ಕಿಟೆಲ್ ಕಾಲೇಜ್ ಮುಂದೆ ಎಷ್ಟು ಸಲ ಓಡಾಡಿಲ್ಲ ನಾವು? ಆ ಫರ್ಡಿನಾಂಡ್ ಕಿಟೆಲ್ 1853ರಲ್ಲಿ ಬಾಸೆಲ್ ಮಿಶನ್ ಪರವಾಗಿ ಇಂಡಿಯಾಕ್ಕೆ ಬಂದಾಗ ಅವನಿಗೆ 21 ವರ್ಷ. ನಮ್ಮ ವಯಸ್ಸು! ಅವನ ಕನ್ನಡ-ಇಂಗ್ಲಿಷ್ ನಿಘಂಟು ಅಚ್ಚಾಗಿದ್ದು 1894ರಲ್ಲಿ, ಸುಮಾರು 70,000 ಪದ. ಮಧ್ಯೆ 41 ವರ್ಷ. 1896ರಲ್ಲಿ ಅವನಿಗೆ ಗೌರವ ಡಾಕ್ಟರೇಟ್ ಕೊಟ್ಟಿದ್ದು ಇದೇ ಟ್ಯೂಬಿಂಗನ್ ಯೂನಿವರ್ಸಿಟಿ. 1903ರಲ್ಲಿ ಅವನು ತೀರಿಕೊಂಡಿದ್ದೂ ಇದೇ ಊರಲ್ಲಿ. ಒಂದು ವಾರ ಮಾತು ಹೊರಡಲಿಲ್ಲ ಅಂತ ಅಳೋ ಹೊತ್ತಲ್ಲಿ ಈ ಲೆಕ್ಕ ನೆನಪಾದ್ರೆ ಕಣ್ಣೊರೆಸ್ಕೊಂಡು ಹೋಮ್‌ವರ್ಕ್ ತೆಗೀಬೇಕಾಗುತ್ತೆ.

ನಾನು ಬಾಡಿಗೆಗಿದ್ದ ಮನೆಯ ಅಜ್ಜಿ ಮಾತಾಡ್ತಿದ್ದಿದ್ದು ಶ್ವೇಬಿಶ್, ಆ ಸೀಮೆಯ ಆಡುಮಾತು. ‘ಇಸ್ಟ್’ ಅಲ್ಲ ‘ಇಶ್’. ‘ಸ್ವಲ್ಪ’ ಅನ್ನೋಕೆ ಪುಸ್ತಕದಲ್ಲಿ ‘ಬಿಸ್‌ಶನ್’, ಅಜ್ಜಿ ಬಾಯಲ್ಲಿ ‘ಬಿಸ್ಲೆ’. ಟಿವಿ ಕನ್ನಡ ಕಲಿತು ಬಂದೋರು ನಮ್ಮ ಮಾರ್ಕೆಟ್‌ನಲ್ಲಿ ‘ಹೌದಲ್ರೀ, ಏನ್ ಮಾಡಾಕತ್ತೀರಿ’ ಕೇಳಿದ ಹಾಗೆ. ನನಗಂತೂ ಊರಿಗೆ ಬಂದಷ್ಟು ಖುಷಿ.

ಮೂರನೇ ವಾರ ಒಂದು ಸಂಜೆ ಅಜ್ಜಿ ಆಲೂಗಡ್ಡೆ ಸುಲೀತಾ ಕೇಳಿದ್ರು, ಮನೆ ನೆನಪಾಗುತ್ತಾ ಅಂತ. ನಾನಂದೆ: “ಮಿಯರ್ ಫೇಲ್ಟ್ ಮೈನ ಮುಟರ್.” ಅಂದ್ರೆ ನನಗೆ ನನ್ನಮ್ಮ ಇಲ್ಲದ್ದು ಕಾಡ್ತಿದೆ. ಮನಸ್ಸಲ್ಲಿ ಅನುವಾದ ಮಾಡದೆ ಬಂದ ನನ್ನ ಮೊದಲ ಜರ್ಮನ್ ವಾಕ್ಯ ಅದು. ಅಜ್ಜಿ ಚಾಕು ಕೆಳಗಿಟ್ಟು ಅಂದ್ರು: “ಮಿಯರ್ ಔಖ್.” ನನಗೂ. ಅವರಿಗೆ ಎಂಬತ್ತು ದಾಟಿದೆ. ಅವರಮ್ಮ ತೀರಿಹೋಗಿ ಎಷ್ಟು ವರ್ಷ ಆಗಿರಬೇಕು! ಅವತ್ತು ರಾತ್ರಿ ಅಮ್ಮ ಎರಡನೇ ಪ್ರಶ್ನೆ ಕೇಳಿದಾಗ “ಹೂಂ, ಮಾತಾಡಿದೆ” ಅಂದೆ.

6/6
ಹೋಗೋ ಪ್ಲ್ಯಾನ್ ಇರೋರಿಗೆ:

✅ ಸೊನ್ನೆಯಿಂದ ಶುರು ಮಾಡೋಕೆ ಅಲ್ಲಿಗೆ ಹೋಗ್ಬೇಡಿ. ಎ1ರಿಂದ ಸಿ2ವರೆಗೆ ಆರು ಮೆಟ್ಟಿಲು, ಮೊದಲ ಎರಡನ್ನ ಇಲ್ಲೇ ಹತ್ತಿ. ಬೆಂಗಳೂರಿನಲ್ಲಿ ಗೋಥೆ ಸಂಸ್ಥೆಯ ಮ್ಯಾಕ್ಸ್ ಮ್ಯುಲರ್ ಭವನ ಇದೆ.
✅ ಸಮ್ಮರ್ ಕೋರ್ಸ್‌ಗೆ ಡಾಡ್ ವಿದ್ಯಾರ್ಥಿವೇತನನೂ ಇದೆ. ನಿಯಮ, ಕೊನೇ ದಿನಾಂಕ ಅವರ ಸೈಟ್‌ನಲ್ಲೇ ನೋಡಿ.
✅ 90 ದಿನದೊಳಗಿನ ಕೋರ್ಸ್‌ಗೆ ಶೆಂಗೆನ್ ವೀಸಾ.
✅ ಭಾನುವಾರ ಅಂಗಡಿ ಬಾಗಿಲು ಹಾಕಿರುತ್ತೆ. ಅಕ್ಕಿ, ಹಾಲು ಶನಿವಾರವೇ ತನ್ನಿ.
✅ ಖಾಲಿ ನೀರಿನ ಬಾಟಲ್ ಎಸೀಬೇಡಿ, ವಾಪಸ್ ಕೊಟ್ರೆ ಹೆಚ್ಚಿನವಕ್ಕೆ 25 ಸೆಂಟ್.
✅ ನಿಮ್ಮ ತಡವರಿಕೆ ನೋಡಿ ಅವರು ಇಂಗ್ಲಿಷಿಗೆ ಬಂದ್ರೆ ನಗ್ತಾ ಹೇಳಿ: “ಇಷ್ ಲೆರ್ನ ಡೊಯ್ಚ್.” ನಾನು ಜರ್ಮನ್ ಕಲೀತಿದ್ದೀನಿ. ಹೆಚ್ಚಿನವರು ವಾಪಸ್ ಬರ್ತಾರೆ, ನಿಧಾನವಾಗಿ.

ಇನ್ನು ಆ ಪ್ರಶ್ನೆ. ನಾಲ್ಕು ವಾರದಲ್ಲಿ ಬರುತ್ತಾ? ನನಗೆ ಇನ್ನೂ ಪೂರ್ತಿ ಬಂದಿಲ್ಲ, ರೇಡಿಯೋ ಸುದ್ದಿ ಅರ್ಧ ತಪ್ಪಿಹೋಗುತ್ತೆ. ಬಾಯಿ ಮಾತ್ರ ತೆರೆದಿದೆ. ಕನ್ನಡ ಮಾಧ್ಯಮದವರೇ, “ನಮ್ಮ ಇಂಗ್ಲಿಷೇ ಸರಿ ಇಲ್ಲ, ಜರ್ಮನ್ ಹೇಗೆ?” ಅಂತ ಕೇಳಿದ್ರಲ್ಲ, ನಿಮಗೋಸ್ಕರನೇ ಈ ಸರಣಿ. ಜರ್ಮನ್‌ಗೆ ಇಂಗ್ಲಿಷ್ ಮೂಲಕನೇ ಹೋಗಬೇಕು ಅಂತೇನಿಲ್ಲ. ‘ನನಗೆ’ ಅನ್ನೋ ಪದದಿಂದಲೂ ಹೋಗಬಹುದು.

ಸೋಮವಾರದಿಂದ ಕ್ಯಾಂಟೀನ್ ಹಿಂದಿನ ಕಟ್ಟೆ ಮೇಲೆ, ಸಂಜೆ ಐದಕ್ಕೆ, ಎ1 ಪಾಠ. ಫ್ರೀ. ಚಹಾ ಮಾತ್ರ ನಿಮ್ಮದು ☕

#ಟ್ಯೂಬಿಂಗನ್ #ಜರ್ಮನ್‌ಕಲಿ #ಕನ್ನಡಮಾಧ್ಯಮ