ಒಣಮರದ ಎರಡು ಚಿತ್ರಗಳು

ಸತ್ತ ಮರಗಳ ಛಾಯಾಚಿತ್ರ ತೆಗೆಯುವುದು ನನ್ನ ಹವ್ಯಾಸವೆಂದು ಹೇಳಿದರೆ, ಕೇಳಿದವರು ಒಂದು ಕ್ಷಣ ನನ್ನ ಮುಖವನ್ನೇ ನೋಡುತ್ತಾರೆ. ಹೂವಿನ ಚಿತ್ರ ತೆಗೆಯುವವರುಂಟು, ಹಕ್ಕಿಗಳ ಹಿಂದೆ ಅಲೆಯುವವರುಂಟು. ಸೂರ್ಯೋದಯಕ್ಕಾಗಿ ನಂದಿಬೆಟ್ಟದ ಮೇಲೆ ಚಳಿಯಲ್ಲಿ ನಡುಗುತ್ತ ಕಾಯುವವರಂತೂ ಅಸಂಖ್ಯರು. ಒಣಗಿ ನಿಂತ ಮರದಲ್ಲಿ ನೋಡುವಂಥದ್ದೇನಿದೆ? ಈ ಪ್ರಶ್ನೆಗೆ ನಾನು ಸಾಮಾನ್ಯವಾಗಿ ನಕ್ಕು ಸುಮ್ಮನಾಗುತ್ತೇನೆ. ಉತ್ತರ ಹೇಳಬೇಕಾದರೆ ಮೊದಲು ನನ್ನದೊಂದು ತಪ್ಪನ್ನು ಒಪ್ಪಿಕೊಳ್ಳಬೇಕಾಗುತ್ತದೆ.

ಶಿಡ್ಲಘಟ್ಟದ ಸಮೀಪ ನಮ್ಮ ಹೊಲದ ಬದುವಿನಲ್ಲಿ ಒಂದು ಹುಣಸೆಮರವಿತ್ತು. ತಾತನ ಕಾಲಕ್ಕೇ ಅದು ಮುದಿಮರವೆನಿಸಿಕೊಂಡಿತ್ತಂತೆ. ಹಿಪ್ಪುನೇರಳೆ ಸೊಪ್ಪು ಕೊಯ್ದು ದಣಿದವರು ಬುತ್ತಿ ಬಿಚ್ಚುತ್ತಿದ್ದುದು ಅದರ ನೆರಳಿನಲ್ಲಿಯೇ. 1980ರ ದಶಕದಲ್ಲಿ ಮಳೆ ಕೈಕೊಟ್ಟ ಒಂದು ವರ್ಷ ಬಾವಿ ಬತ್ತಿತು; ಮರದ ಎಲೆಯೆಲ್ಲ ಉದುರಿತು. ಬೇಸಿಗೆ ಮುಗಿಯುತ್ತ ಬಂದರೂ ಅದು ಚಿಗುರಲಿಲ್ಲ. ನಾನಾಗ ಕಾಲೇಜಿನ ವಿದ್ಯಾರ್ಥಿ. ನಾಲ್ಕು ಅಕ್ಷರ ಕಲಿತ ಹಮ್ಮು ತಲೆಗೇರಿತ್ತು. ಬಂಡಿದಾರಿಯಲ್ಲಿಯೇ ನಿಂತು ನೋಡಿ, “ಅದು ಸತ್ತಿದೆ ಅಪ್ಪ, ಇಟ್ಟುಕೊಂಡು ಪ್ರಯೋಜನವಿಲ್ಲ” ಎಂದೆ. ಸಾಲದ ಬಡ್ಡಿ ಕಟ್ಟಬೇಕಾಗಿದ್ದ ಕಾಲ. ಓದಿದ ಮಗನ ಮಾತನ್ನು ಅಪ್ಪ ನಂಬಿದರು. ಮರವನ್ನು ಸೌದೆಗೆ ಮಾರಿದರು. ಕೊಡಲಿಯ ಮೊದಲ ಪೆಟ್ಟುಗಳಿಗೆ ತೊಗಟೆ ಸಿಡಿದಾಗ, ಅದರೊಳಗೆ ತೆಳ್ಳನೆಯ ಹಸಿರು ಪದರವೊಂದು ತೇವದಿಂದ ಹೊಳೆಯಿತು. ಅಷ್ಟರಲ್ಲಿ ಹಣ ಕೈಸೇರಿ ಬಡ್ಡಿಗೆ ಹೋಗಿಯಾಗಿತ್ತು. ಅಪ್ಪ ಆಗ ಏನೂ ಅನ್ನಲಿಲ್ಲ. ರಾತ್ರಿ ಊಟಕ್ಕೆ ಕುಳಿತಾಗಲೂ ಅನ್ನಲಿಲ್ಲ. ಅಂದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ನಮ್ಮದು ಮರದ ಬೆಲೆ ತಿಳಿಯಲೇಬೇಕಾದ ನಾಡು. ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಅರ್ಕಾವತಿ ಮೊದಲಾದ ನದಿಗಳು ನಂದಿಬೆಟ್ಟದ ಸಾಲಿನಲ್ಲಿ ಹುಟ್ಟುತ್ತವೆ. ಆದರೆ ವರ್ಷವಿಡೀ ಹರಿಯುವ ನದಿಯೊಂದೂ ನಮಗಿಲ್ಲ. 2007ರಲ್ಲಿ ಕೋಲಾರದಿಂದ ಬೇರೆಯಾಗಿ ಚಿಕ್ಕಬಳ್ಳಾಪುರ ಪ್ರತ್ಯೇಕ ಜಿಲ್ಲೆಯಾಯಿತು. ಜಿಲ್ಲೆಯ ಹೆಸರು ಬದಲಾದರೂ ಬಾನನ್ನು ನೋಡುತ್ತ ಬದುಕುವ ರೈತನ ಪಾಡು ಬದಲಾಗಲಿಲ್ಲ. ಹಿಂದೆ ಕೆರೆಗಳು ನಮ್ಮನ್ನು ಕಾಪಾಡಿದವು. ಆಮೇಲೆ ಕೊಳವೆ ಬಾವಿಗಳು ಬಂದು, ನೀರು ಆಳಕ್ಕೆ, ಇನ್ನೂ ಆಳಕ್ಕೆ ಇಳಿಯಿತು. ನೀರು ಇಳಿದಷ್ಟು ಆಳಕ್ಕೆ ಬೇರು ಇಳಿಯಲಾರದು. ಚಿಂತಾಮಣಿಯ ದಾರಿಯಲ್ಲಾಗಲಿ ಗೌರಿಬಿದನೂರಿನ ದಾರಿಯಲ್ಲಾಗಲಿ, ಕೈಯೆತ್ತಿ ನಿಂತಂತಿರುವ ಒಣಮರಗಳು ಕಣ್ಣಿಗೆ ಬೀಳದ ಪ್ರಯಾಣವೇ ಇಲ್ಲ.

ಉದ್ಯೋಗದಿಂದ ನಿವೃತ್ತನಾದ ಮೇಲೆ ಈ ಮರಗಳ ಚಿತ್ರ ತೆಗೆಯತೊಡಗಿದೆ. ಒಮ್ಮೆ ಬೆಂಗಳೂರಿನಲ್ಲಿ ಕ್ಯಾಮರಾ ರಿಪೇರಿ ಮಾಡುವವರೊಬ್ಬರು ನನ್ನ ಹಳೆಯ ಡಿಜಿಟಲ್ ಕ್ಯಾಮರಾವನ್ನು ಬಿಚ್ಚಿ, ಒಳಗಿನಿಂದ ತೆಳುವಾದ ಗಾಜಿನ ಬಿಲ್ಲೆಯೊಂದನ್ನು ತೆಗೆದು ತೋರಿಸಿದರು. “ಇದು ಕ್ಯಾಮರಾದ ಕಣ್ಣಿಗೆ ಕಟ್ಟಿದ ಪಟ್ಟಿ” ಎಂದರು. ಆ ಮಾತಿನ ಅರ್ಥ ಇಷ್ಟು: ನಮ್ಮ ಕಣ್ಣು ಸುಮಾರು 400ರಿಂದ 700 ನ್ಯಾನೋಮೀಟರ್ ಉದ್ದದ ಬೆಳಕಿನ ಅಲೆಗಳನ್ನು ಮಾತ್ರ ಕಾಣುತ್ತದೆ. ಒಂದು ನ್ಯಾನೋಮೀಟರ್ ಎಂದರೆ ಮೀಟರಿನ ನೂರು ಕೋಟಿಯಲ್ಲಿ ಒಂದು ಪಾಲು. ಕ್ಯಾಮರಾದೊಳಗಿನ ಸಿಲಿಕಾನ್ ಫಲಕವಾದರೋ ಸುಮಾರು 1100 ನ್ಯಾನೋಮೀಟರ್‌ವರೆಗೂ ಗ್ರಹಿಸಬಲ್ಲುದು. ಆದರೆ ನಮಗೆ ಕಾಣದ ಬೆಳಕು ಸೇರಿದರೆ ಚಿತ್ರದ ಬಣ್ಣ ಕೆಡುತ್ತದೆಂದು ತಯಾರಕರು ಆ ಬಿಲ್ಲೆಯಿಂದ ಅದನ್ನು ತಡೆದಿರುತ್ತಾರೆ. ಬಿಲ್ಲೆಯನ್ನು ತೆಗೆದ ಮೇಲೆ ಕ್ಯಾಮರಾ ಪೂರ್ಣ ವರ್ಣಪಟಲಕ್ಕೆ ಕಣ್ಣು ತೆರೆಯುತ್ತದೆ. ಆಗ ಕೆಂಪಿನಿಂದಾಚೆಗಿನ ಬೆಳಕನ್ನು ತಡೆಯುವ ಶೋಧಕವನ್ನು ಮಸೂರದ ಮುಂದೆ ಇಟ್ಟರೆ ಸಾಮಾನ್ಯ ಬಣ್ಣದ ಚಿತ್ರ. ಅದನ್ನು ತೆಗೆದು ಕಪ್ಪಾಗಿ ಕಾಣುವ ಇನ್ನೊಂದನ್ನು ಇಟ್ಟರೆ ಅವಗೆಂಪು ಚಿತ್ರ.

ಕೆಂಪಿನಿಂದಾಚೆಗೂ ಬೆಳಕುಂಟೆಂದು 1800ರಲ್ಲಿ ತೋರಿಸಿಕೊಟ್ಟವನು ವಿಲಿಯಂ ಹರ್ಷೆಲ್. ಯುರೇನಸ್ ಗ್ರಹವನ್ನು ಕಂಡುಹಿಡಿದವನೂ ಅವನೇ. ಪಟ್ಟಕದಿಂದ ಬಿಸಿಲನ್ನು ಬಣ್ಣಗಳಾಗಿ ಹರಡಿ, ಒಂದೊಂದು ಬಣ್ಣದಲ್ಲೂ ಉಷ್ಣಮಾಪಕವನ್ನಿಟ್ಟು ನೋಡಿದ. ಕೆಂಪಿನ ಅಂಚನ್ನು ದಾಟಿ, ಏನೂ ಕಾಣದ ಜಾಗದಲ್ಲಿಟ್ಟಾಗ ಪಾದರಸ ಇನ್ನೂ ಮೇಲೇರಿತು. ಆ ಕಾಣದ ಬೆಳಕಿನಲ್ಲಿ ತೆಗೆದ ಪ್ರಕೃತಿದೃಶ್ಯಗಳನ್ನು ಅಮೆರಿಕದ ಭೌತವಿಜ್ಞಾನಿ ರಾಬರ್ಟ್ ವುಡ್ 1910ರಲ್ಲಿ ಪ್ರಕಟಿಸಿದ. ಅವುಗಳಲ್ಲಿ ಆಕಾಶ ಕಾಡಿಗೆಯಂತೆ ಕಪ್ಪಾಗಿತ್ತು. ಮರಗಳು ಸುಣ್ಣ ಬಳಿದಂತೆ ಬೆಳ್ಳಗಿದ್ದವು.

ಮರ ಬೆಳ್ಳಗಾಗುವುದೇಕೆ? ಎಲೆಯ ಪತ್ರಹರಿತ್ತು ಆಹಾರ ತಯಾರಿಕೆಗಾಗಿ ಕೆಂಪು ಮತ್ತು ನೀಲಿ ಬೆಳಕನ್ನು ಹೀರಿಕೊಳ್ಳುತ್ತದೆ. ಅವಗೆಂಪು ಬೆಳಕು ಅದಕ್ಕೆ ಬೇಡ. ಎಲೆಯೊಳಗಿನ ಜೀವಕೋಶಗಳೂ ಅವುಗಳ ನಡುವಣ ಗಾಳಿಯ ಸಂದುಗಳೂ ಅದನ್ನು ಚದುರಿಸಿ, ಸುಮಾರು ಅರ್ಧದಷ್ಟನ್ನು ಹಿಂದಕ್ಕೆ ಕಳಿಸುತ್ತವೆ. ತನಗೆ ಬೇಕಾದುದನ್ನು ಇಟ್ಟುಕೊಂಡು ಬೇಡವಾದುದನ್ನು ಹಿಂದಿರುಗಿಸುವ ಆ ವಿವೇಕ ನಮಗೆ ಬೆಳ್ಳಗೆ ಕಾಣುತ್ತದೆ. ಇದು ಶಾಖದ ಚಿತ್ರವಲ್ಲ. ಎಲೆಯಿಂದ ಮರಳಿದ ಬಿಸಿಲಿನದೇ ಚಿತ್ರ. ಹಾಗೆಂದು ಬಿಳಿಯೆಲ್ಲ ಜೀವವೆಂದು ತಿಳಿಯಬಾರದು. ಒಣಗಿದ ತರಗೆಲೆಯೂ ಅವಗೆಂಪಿನಲ್ಲಿ ಸಾಕಷ್ಟು ಬೆಳ್ಳಗೇ ಕಾಣುತ್ತದೆ. ಆದರೆ ಅದು ಕೆಂಪು ಬೆಳಕನ್ನೂ ಹೀರದೆ ಮರಳಿಸಿಬಿಡುತ್ತದೆ. ಕೆಂಪಿನಲ್ಲಿ ಕಪ್ಪಾಗಿ ಅವಗೆಂಪಿನಲ್ಲಿ ಬೆಳ್ಳಗಾಗುವುದು ಜೀವಂತ ಎಲೆಯ ಗುರುತು. ಆದ್ದರಿಂದಲೇ ಒಂದು ಮರಕ್ಕೆ ಎರಡು ಚಿತ್ರ. ಒಂದೊಂದೇ ಆದರೆ ಎರಡೂ ಸುಳ್ಳು ಹೇಳಬಲ್ಲವು; ಪಕ್ಕಪಕ್ಕದಲ್ಲಿಟ್ಟರೆ ಒಂದರ ಸುಳ್ಳನ್ನು ಇನ್ನೊಂದು ತಿದ್ದುತ್ತದೆ.

ಇದು ಬರಿಯ ವಿನೋದದ ವಿದ್ಯೆಯಲ್ಲ. 1970ರಲ್ಲಿ ಪಿಷಾರಟಿಯವರೂ ಅವರ ಸಂಗಡಿಗರೂ ಕೇರಳದ ತೆಂಗಿನ ತೋಟಗಳ ಮೇಲೆ ಹಾರಿ, ಅವಗೆಂಪು ಫಿಲ್ಮಿನಲ್ಲಿ ಚಿತ್ರ ತೆಗೆದು, ರೋಗ ತಗಲಿದ ಮರಗಳನ್ನು ಗುರುತಿಸಿದರು. ಭಾರತದ ದೂರಸಂವೇದನೆಯ ಕಥೆ ಆರಂಭವಾಗುವುದು ಹೀಗೆ ಕಾಯಿಲೆಬಿದ್ದ ತೆಂಗಿನಮರಗಳಿಂದ. 1988ರಲ್ಲಿ ಹಾರಿದ ಐಆರ್‌ಎಸ್–1ಎ ಉಪಗ್ರಹವೂ ಕೆಂಪು ಮತ್ತು ಅವಗೆಂಪುಗಳನ್ನು ಬೇರೆಬೇರೆಯಾಗಿ ನೋಡಿ ನಮ್ಮ ಬೆಳೆ ಕಾಡುಗಳ ಸ್ಥಿತಿಯನ್ನು ತಿಳಿಸಿತು.

ಕಾಣದುದನ್ನು ಅರಿಯುವ ಉಪಕರಣಗಳು ನಮ್ಮ ಜಿಲ್ಲೆಗೆ ಹೊಸವಲ್ಲ. ಗೌರಿಬಿದನೂರಿನ ಬಳಿ ಭೂಮಿಯ ಕಂಪನಕ್ಕೆ ಕಿವಿಗೊಟ್ಟ ಕೇಂದ್ರವಿದೆ. ಸೂರ್ಯನಿಂದ ಬರುವ ರೇಡಿಯೋ ಅಲೆಗಳನ್ನು ಹಿಡಿಯುವ ದೂರದರ್ಶಕವಿದೆ. ಅದೇ ತಾಲ್ಲೂಕಿನ ವಿದುರಾಶ್ವತ್ಥಕ್ಕೂ ನಾನು ಕ್ಯಾಮರಾ ಹಿಡಿದು ಹೋಗಿದ್ದೆ. ಮಹಾಭಾರತದ ವಿದುರ ನೆಟ್ಟದ್ದೆಂದು ಜನ ನಂಬಿದ್ದ ಅಲ್ಲಿನ ಅಶ್ವತ್ಥವೃಕ್ಷ 2001ರಲ್ಲಿ ನೆಲಕ್ಕುರುಳಿತು. 1938ರ ಏಪ್ರಿಲ್ 25ರಂದು ಧ್ವಜ ಸತ್ಯಾಗ್ರಹಕ್ಕಾಗಿ ಆ ಕ್ಷೇತ್ರದಲ್ಲಿ ಸೇರಿದ್ದ ಜನರ ಮೇಲೆ ಪೋಲೀಸರು ಗುಂಡು ಹಾರಿಸಿದರು. ಹಲವರು ಪ್ರಾಣ ತೆತ್ತರು. ಅಂದು ಆ ಮರ ಅಲ್ಲಿ ನಿಂತಿತ್ತು. ಅದರ ಚಿತ್ರ ತೆಗೆಯುವುದಕ್ಕೆ ನಾನು ತಡವಾಗಿ ಹೋದವನು. ನಾಗರಕಲ್ಲುಗಳ ಸಾಲಿನ ನಡುವೆ ನಿಂತಾಗ ನನಗನ್ನಿಸಿತು: ಮರ ಉರುಳಿದರೂ ಊರು ಅದರ ಹೆಸರನ್ನೇ ಹೊತ್ತು ನಿಂತಿದೆ. ಯಾವ ಕ್ಯಾಮರಾಕ್ಕೂ ಸಿಕ್ಕದ ಬದುಕು ಅದು.

ಕಳೆದ ಬೇಸಿಗೆಯ ಮಾತು. ಚಿಂತಾಮಣಿಯ ಆಚೆ, ಒಂದು ಹೊಲದಂಚಿನಲ್ಲಿ ಒಣಗಿದ ಹೊಂಗೆಮರವೊಂದನ್ನು ಕಂಡು, ರಸ್ತೆಯಿಂದಲೇ ಎರಡು ಚಿತ್ರ ತೆಗೆದೆ. ಬಣ್ಣದ ಚಿತ್ರದಲ್ಲಿ ಬೂದುಬಣ್ಣದ ಕೊಂಬೆಗಳಲ್ಲದೆ ಬೇರೇನೂ ಎದ್ದು ಕಾಣಲಿಲ್ಲ. ಅವಗೆಂಪು ಚಿತ್ರದಲ್ಲಿ ಕವಲಿನ ನಡುವೆ ಬೆಳ್ಳನೆಯ ಚುಕ್ಕೆಗಳ ಗೊಂಚಲೊಂದು ಹೊಳೆಯುತ್ತಿತ್ತು. ಬಣ್ಣದ ಚಿತ್ರವನ್ನು ದೊಡ್ಡದುಮಾಡಿ ನೋಡಿದೆ. ಅದೇ ಜಾಗದಲ್ಲಿ ಹಸಿರಿನ ಒಂದು ಎಳೆ! ನನ್ನ ಎದೆ ಹೊಡೆದುಕೊಂಡಿತು. ಹೊಲದೊಡತಿಯಾದ ಮುದುಕಿ ಮರ ಕಡಿಸಲು ಆಳುಗಳನ್ನು ಗೊತ್ತುಮಾಡಿದ್ದಳು. ನಾನು ಓಡುತ್ತ ಹೋಗಿ, “ಅಜ್ಜೀ, ಕಡಿಸಬೇಡಿ, ಮರ ಬದುಕಿದೆ!” ಎಂದು ಚಿತ್ರ ತೋರಿಸಿದೆ.

ಆಕೆ ಕಣ್ಣು ಕಿರಿದುಮಾಡಿ ಅದನ್ನು ನೋಡಿ, “ಬಾರಪ್ಪ” ಎಂದು ನನ್ನನ್ನು ಮರದ ಬುಡಕ್ಕೇ ಕರೆದೊಯ್ದಳು. ಹೆಬ್ಬೆರಳಿನ ಉಗುರಿನಿಂದ ತೊಗಟೆಯನ್ನು ಅಲ್ಲಿ, ಇಲ್ಲಿ, ಇನ್ನೊಂದು ಕಡೆ ಕೆರೆದಳು. ಎಲ್ಲೆಡೆಯೂ ಒಳಗೆ ಕಂದು, ಹುಡಿಹುಡಿ. ಬಳಿಕ ಕವಲಿನತ್ತ ಕೈ ತೋರಿಸಿದಳು. ಪೊಟರೆಯಲ್ಲಿ ತುಂಬಿದ ಮಣ್ಣಿನಲ್ಲಿ ಅರಳಿಯ ಸಸಿಯೊಂದು, ಏಳೆಂಟು ಎಲೆಗಳೊಡನೆ ಗಾಳಿಗೆ ತಲೆಯಾಡಿಸುತ್ತಿತ್ತು. ಯಾವುದೋ ಹಕ್ಕಿ ಬಿತ್ತಿದ ಬೀಜ.

“ಹೊಂಗೆ ಹೋಗಿ ಬಹಳ ದಿನವಾಯಿತಪ್ಪ. ಅದು ಬೇರೆಯವರ ಮಗು” ಎಂದಳು ಅಜ್ಜಿ. ಸ್ವಲ್ಪ ಹೊತ್ತು ಮೇಲೆ ನೋಡುತ್ತ ನಿಂತು, “ಆದರೂ ಮಗು ಮಗುವೇ. ಕೊಂಬೆ ಮಾತ್ರ ಕಡಿಸುತ್ತೇನೆ, ಬೊಡ್ಡೆ ಇರಲಿ” ಎಂದಳು.

ಅಲ್ಲಿ ಜೀವವಿದೆಯೆಂದು ಕ್ಯಾಮರಾ ಹೇಳಿದ್ದು ನಿಜ. ಆದರೆ ಅದು ಯಾರ ಜೀವವೆಂದು ಅದಕ್ಕೆ ತಿಳಿದಿರಲಿಲ್ಲ. ಅಂದು ಮನೆಗೆ ಮರಳುವಾಗ ನನಗೆ ಇನ್ನೊಂದು ಸತ್ಯವೂ ಹೊಳೆಯಿತು. ಎಲೆಯೇ ಇಲ್ಲದ ಮರ ಬದುಕಿದ್ದರೂ ಸತ್ತಿದ್ದರೂ ಅವಗೆಂಪು ಚಿತ್ರದಲ್ಲಿ ಹೆಚ್ಚುಕಡಮೆ ಒಂದೇ ಬಗೆ. ಎಂದರೆ, ಈ ಕ್ಯಾಮರಾ ಅಂದು ನನ್ನ ಕೈಯಲ್ಲಿದ್ದಿದ್ದರೂ ನಮ್ಮ ಹುಣಸೆಮರ ಉಳಿಯುತ್ತಿರಲಿಲ್ಲ. ಉಳಿಸಲು ಬೇಕಾಗಿದ್ದುದು ನನ್ನ ಬೆರಳಿನಲ್ಲಿಯೇ ಇತ್ತು. ಬಂಡಿದಾರಿಯಿಂದ ಮರದ ಬುಡಕ್ಕೆ ನಲವತ್ತು ಹೆಜ್ಜೆ. ನಾನು ಆ ನಲವತ್ತು ಹೆಜ್ಜೆ ನಡೆಯಲಿಲ್ಲ.

ಈಗಲೂ ನಾನು ಒಣಮರಗಳ ಚಿತ್ರ ತೆಗೆಯುತ್ತೇನೆ. ಮೊದಲು ಬಣ್ಣದಲ್ಲಿ, ಆಮೇಲೆ ಅವಗೆಂಪಿನಲ್ಲಿ. ಅನಂತರ ಕ್ಯಾಮರಾವನ್ನು ಚೀಲದೊಳಗಿಟ್ಟು, ಬದುವನ್ನು ದಾಟಿ ಮರದ ಬಳಿಗೆ ಹೋಗಿ, ಉಗುರಿನಿಂದ ತೊಗಟೆಯನ್ನು ಮೆಲ್ಲಗೆ ಕೆರೆದು ನೋಡುತ್ತೇನೆ.