ತೇಲುವ ಕೋಣೆಗೆ ಒಂದು ಟನ್

ಸುತ್ತ ನೀರಿದೆ, ಗಾಳಿಯಿದೆ, ಹೌಸ್‌ಬೋಟಿಗೆ ಎಸಿ ಯಾಕೆ ಎಂದು ಕೇಳುವವರೆಲ್ಲ ಹಗಲು ಹತ್ತಿ, ಮೀನೂಟ ಮುಗಿಸಿ, ಸಂಜೆಗೆ ಇಳಿದು ಬಂದವರು. ರಾತ್ರಿ ಮಲಗಿದವರ ಮಾತೇ ಬೇರೆ. ಓಡುವ ದೋಣಿಯಲ್ಲಿ ಮುಖಕ್ಕೆ ಬಡಿಯುವ ಗಾಳಿಯಲ್ಲಿ ದೊಡ್ಡ ಪಾಲು ದೋಣಿಯ ಓಟದ್ದೇ. ಆಲಪ್ಪುಳದಲ್ಲಿ ಸಂಜೆ ಐದೂವರೆಯ ಹೊತ್ತಿಗೆ ದೋಣಿಗಳನ್ನು ದಡಕ್ಕೆ ಕಟ್ಟಿಬಿಡುತ್ತಾರೆ; ಆಮೇಲೆ ಹಿನ್ನೀರು ಬಲೆ ಬಿಡುವವರದು. ಕಟ್ಟಿದ ದೋಣಿಯಲ್ಲಿ ಕಿಟಕಿ ಮುಚ್ಚಿದರೆ ಸೆಕೆ, ತೆರೆದರೆ ಸೊಳ್ಳೆ. ಏಪ್ರಿಲ್‌ನಲ್ಲಿ ಎರಡೂ ಒಟ್ಟಿಗೆ.

ನನ್ನ ಭಾವ ಕಾಸರಗೋಡಿನವರು, ಎಸಿ ಮೆಕ್ಯಾನಿಕ್. ಮನೆಮಾತು ಕನ್ನಡ, ಬಿಲ್ಲು ಬರೆಯುವುದು ಮಲಯಾಳದಲ್ಲಿ, ಗ್ಯಾಸ್ ಸೋರಿದರೆ ಬೈಯುವುದು ತುಳುವಿನಲ್ಲಿ. ನೀಲೇಶ್ವರದ ಕೋಟಪ್ಪುರಂನಲ್ಲಿ ಒಂದು ಹೌಸ್‌ಬೋಟಿಗೆ ಎಸಿ ಕೂರಿಸಲು ಹೊರಟಾಗ ನಾನೂ ಜೊತೆಗೆ ಹೋದೆ. ದೋಣಿಯ ಮಾಲಕರಿಗೆ ಮಲಗುವ ಕೋಣೆಗೆ ಎರಡು ಟನ್ನಿನದೇ ಬೇಕಿತ್ತು. ಭಾವ ಬಿದಿರಿನ ಚಾಪೆಯ ಗೋಡೆಗೆ ಬೆರಳು ಒತ್ತಿ ನನ್ನತ್ತ ತಿರುಗಿದರು: "ಎರಡು ಟನ್ ಎಂತಕ್ಕೆ ಭಾವ? ಈ ಚಾಪೆಗೆ ನಾಲ್ಕು ಹಾಕಿದ್ರೂ ತಂಪಾಗುವುದು ಹೊಳೆಯೇ."

ಎಸಿಯ ಟನ್ ಅದರ ತೂಕವಲ್ಲ, ಐಸಿನ ಲೆಕ್ಕ. ಅಮೆರಿಕದ ಒಂದು ಟನ್, ಅಂದರೆ ಸುಮಾರು 907 ಕಿಲೊ ಐಸ್, ಒಂದು ದಿನದಲ್ಲಿ ಕರಗಿ ನೀರಾಗುವಾಗ ಎಷ್ಟು ಶಾಖ ಹೀರುತ್ತದೋ ಅಷ್ಟು. ಗಂಟೆಗೆ 12,000 ಬಿಟಿಯು. ಮಲ್ಪೆಯಲ್ಲಿ ಆಳಸಮುದ್ರಕ್ಕೆ ಹೊರಡುವ ಬೋಟುಗಳು ಅಡಿಯ ಸ್ಟೋರಿಗೆ ಐಸ್ ತುಂಬಿಕೊಳ್ಳುವುದನ್ನು ನೋಡಿದವರಿಗೆ ಇದು ಥಟ್ಟನೆ ಅರ್ಥವಾದೀತು. ಅಲ್ಲಿ ಮೀನಿಗೆ, ಇಲ್ಲಿ ಮಧುಚಂದ್ರಕ್ಕೆ ಬಂದವರಿಗೆ. ಟನ್ ಹೆಚ್ಚಾದಷ್ಟೂ ಸುಖ ಹೆಚ್ಚು ಎನ್ನುವಂತಿಲ್ಲ. ಕೋಣೆಗೆ ಮೀರಿದ ಎಸಿ ಗಾಳಿಯನ್ನು ಬೇಗ ತಂಪು ಮಾಡಿ ನಿಂತುಬಿಡುತ್ತದೆ, ತೇವವನ್ನು ಹಿಂಡುವಷ್ಟು ಹೊತ್ತು ಓಡುವುದೇ ಇಲ್ಲ. ಹಾಸಿಗೆ ತಣ್ಣಗಾದರೂ ಹಸಿಹಸಿ. 1902ರಲ್ಲಿ ವಿಲಿಸ್ ಕ್ಯಾರಿಯರ್ ನ್ಯೂಯಾರ್ಕಿನ ಬ್ರೂಕ್ಲಿನ್‌ನ ಒಂದು ಮುದ್ರಣಾಲಯಕ್ಕೆ ತನ್ನ ಯಂತ್ರವನ್ನು ಯೋಜಿಸಿದ್ದೂ ಕಾಗದಕ್ಕೆ ತಗಲುತ್ತಿದ್ದ ತೇವಕ್ಕಾಗಿಯೇ. ಮನುಷ್ಯರ ಸೆಕೆಯ ವಿಚಾರ ಆಮೇಲಿನದು. ಕೊನೆಗೆ ಒಂದು ಟನ್ನಿನ ಇನ್ವರ್ಟರ್ ಎಸಿ, ಚಾಪೆಯ ಒಳಮೈಗೆ ಥರ್ಮಾಕೋಲ್, ಅದರ ಮೇಲೆ ಪ್ಲೈವುಡ್ ಎಂದು ತೀರ್ಮಾನವಾಯಿತು.

ಇನ್ವರ್ಟರೇ ಯಾಕೆಂದರೆ ಜನರೇಟರಿನ ದೆಸೆಯಿಂದ. ಹಳೇ ಮಾದರಿಯ ಕಂಪ್ರೆಸರ್ ಹೊರಡುವ ಕ್ಷಣದಲ್ಲಿ ಓಡುವಾಗಿನ ಹಲವು ಪಟ್ಟು ಕರೆಂಟ್ ಎಳೆಯುತ್ತದೆ. ಆ ಒಂದು ಕ್ಷಣಕ್ಕಾಗಿ ದೊಡ್ಡ ಜನರೇಟರ್ ಹೊತ್ತು ತಿರುಗಬೇಕು. ಇನ್ವರ್ಟರಿನದು ಮೆಲ್ಲನೆ ಏರುತ್ತದೆ. ಎಸಿ ಒಮ್ಮೆಯ ಖರ್ಚು, ಡೀಸೆಲ್ ದಿನಾ ರಾತ್ರಿಯದು. ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ಮಾತ್ರ ಎಸಿ ಎಂದು ಎಷ್ಟೋ ಹೌಸ್‌ಬೋಟಿನವರು ಮೊದಲೇ ಹೇಳಿಬಿಡುವುದರ ಗುಟ್ಟು ಇಷ್ಟೇ.

ಶ್ರೀಮಂತರ ವಿಹಾರನೌಕೆಗಳ ದಾರಿ ಬೇರೆ. ಅಲ್ಲಿ ಪಂಪು ಸಮುದ್ರದ ನೀರನ್ನೇ ಎಳೆದು ಕಂಡೆನ್ಸರಿನ ಶಾಖವನ್ನು ನೀರಿಗೇ ಬಿಡುತ್ತದೆ. ಚಾವಣಿಯ ಮೇಲೆ ಫ್ಯಾನೂ ಇಲ್ಲ, ಸದ್ದೂ ಇಲ್ಲ. ನೀರಿನ ಮೇಲೆ ಕೂತು ಗಾಳಿಗೆ ಬಿಸಿ ಉಗುಳುವುದಕ್ಕಿಂತ ಬುದ್ಧಿವಂತಿಕೆಯ ಕೆಲಸ, ಒಪ್ಪಲೇಬೇಕು. ಆದರೆ ಅದಕ್ಕೆ ದೋಣಿಯ ತಳಕ್ಕೊಂದು ತೂತು ಕೊರೆಯಬೇಕು. ಮೊಳೆ ಹೊಡೆಯದೆ ತೆಂಗಿನ ನಾರಿನ ಹಗ್ಗದಲ್ಲಿ ಹಲಗೆ ಹೊಲಿದ ಕೆಟ್ಟುವಳ್ಳವೆಂಬ ಈ ದೋಣಿಯ ತಳಕ್ಕೆ ಡ್ರಿಲ್ ಹಿಡಿಯುವ ಮಾತೆತ್ತಿದರೆ ಮಾಲಕರು ಮೆಕ್ಯಾನಿಕನನ್ನೇ ನೀರಿಗೆ ದೂಡಿಯಾರು. ಸಾಲದ್ದಕ್ಕೆ ಹಿನ್ನೀರಿನ ಕೆಸರು, ತೇಲುವ ಕಳೆ. ಪಂಪಿನ ಜಾಲರಿ ತೊಳೆಯುವುದೇ ಒಬ್ಬರ ಕೆಲಸವಾದೀತು. ಹಾಗಾಗಿ ಇಲ್ಲಿ ಮನೆಯ ಸ್ಪ್ಲಿಟ್ ಎಸಿಯೇ ಗತಿ.

ಆದರೆ ಕೂರಿಸುವ ಕ್ರಮ ಮನೆಯದಲ್ಲ. ಔಟ್‌ಡೋರನ್ನು ಒಂದು ಬದಿಗೆ ತೂಗುಹಾಕಿದರೆ ದೋಣಿ ಅತ್ತ ವಾಲುತ್ತದೆಂದು ಹಿಂದುಗಡೆ ನಟ್ಟನಡುವೆ ಇಟ್ಟರು, ಕಾಲಿಗೆ ದಪ್ಪ ರಬ್ಬರ್ ಬುಷ್. ಎಂಜಿನ್ನಿನ ನಡುಕಕ್ಕೆ ಜೋಡಣೆಯಲ್ಲಿ ಬಿರುಕು ಬಾರದಿರಲಿ ಎಂದು ತಾಮ್ರದ ಪೈಪನ್ನು ಒಂದು ಸುತ್ತು ಸುತ್ತಿ ಬಿಟ್ಟರು. ಡ್ರೈನ್ ಪೈಪಿನ ಇಳಿಜಾರು ನೋಡಲು ರಸಮಟ್ಟ ಹಿಡಿಯಲಿಲ್ಲ. ದೋಣಿಯೇ ಮಟ್ಟದಲ್ಲಿ ನಿಲ್ಲದ ಮೇಲೆ ಅದಕ್ಕೇನು ಬೆಲೆ? ದೋಣಿಯವರನ್ನೂ ನನ್ನನ್ನೂ ಎಡಗಡೆ ಹೋಗಿ ನಿಲ್ಲಲು ಹೇಳಿ, ಇನ್‌ಡೋರಿನ ತಟ್ಟೆಗೆ ಒಂದು ಚೊಂಬು ನೀರು ಹೊಯ್ದು, ಹೊರಗೆ ತುದಿಯನ್ನೇ ನೋಡುತ್ತ ನಿಂತರು. ನೀರು ಬಂತು. "ಈಗ ಬಲಗಡೆ ಹೋಗಿ." ತಟ್ಟೆ ತುಂಬಿ ಗೋಡೆಯ ಮೇಲೆ ಇಳಿಯಿತು. ಯೂನಿಟ್ಟನ್ನು ಬಿಚ್ಚಿ ಎರಡು ಬೆರಳು ಎತ್ತರಿಸಿ ಮತ್ತೆ ಕೂರಿಸಿದರು. ನಾವು ಮತ್ತೆ ಎಡಕ್ಕೆ, ಮತ್ತೆ ಬಲಕ್ಕೆ. ಅಡುಗೆಯ ಹುಡುಗನಿಗೆ ನಗು ತಡೆಯಲಾಗಲಿಲ್ಲ.

ಎಲ್ಲ ಮುಗಿದ ಮೇಲೆ ಬಿಲ್ಲು. ಮಾಲಕರು ಎಸಿಗೂ ಕೂಲಿಗೂ ಚಕಾರ ಎತ್ತಲಿಲ್ಲ. ಕಾರ್ಬನ್ ಮಾನಾಕ್ಸೈಡ್ ಅಲಾರಂ ಎಂಬ ಒಂದು ಸಾಲಿಗೆ ಬಂದಾಗ ಮಾತ್ರ ತಡೆದರು: ಇದೆಂತದು, ಯಾರೂ ಕೇಳಿಲ್ಲವಲ್ಲ? ಹಿಂದುಗಡೆಯ ಜನರೇಟರಿನ ಹೊಗೆ ಗಾಳಿ ತಿರುಗಿದರೆ ಕೋಣೆಗೇ ನುಗ್ಗುತ್ತದೆ, ಈ ಅನಿಲಕ್ಕೆ ವಾಸನೆಯಿಲ್ಲ, ಬಾಗಿಲು ಮುಚ್ಚಿ ಮಲಗಿದವರಿಗೆ ಗೊತ್ತೇ ಆಗುವುದಿಲ್ಲ ಎಂದು ಭಾವ ಬಿಡಿಸಿ ಹೇಳಿದರು. ಅದರ ದುಡ್ಡಿನಲ್ಲಿ ಒಂದು ಟಿವಿಯ ಅರ್ಧ ಬರುತ್ತದೆ ಎಂಬುದು ಮಾಲಕರ ವಾದ. ಭಾವ ತಮ್ಮ ಕೂಲಿಯಲ್ಲಿ ಐನೂರು ಬಿಟ್ಟರು, ಆ ಸಾಲನ್ನು ಬಿಡಲಿಲ್ಲ.