ಗೊಟಗೋಡಿಯ ಐದು ಮುಳಗಾಯಿ

ಹುಬ್ಬಳ್ಳಿಯಿಂದ ಹಾವೇರಿಯ ಕಡೆಗೆ ಹೆದ್ದಾರಿಯಲ್ಲಿ ಪಯಣಿಸುವವರಿಗೆ ಶಿಗ್ಗಾವಿಯ ಸಮೀಪದಲ್ಲಿ ಗೊಟಗೋಡಿ ಎಂಬ ಊರು ಎದುರಾಗುತ್ತದೆ. ಒಂದು ಕಾಲಕ್ಕೆ ಸುತ್ತಣ ಹತ್ತು ಹಳ್ಳಿಗಳ ಆಚೆ ಈ ಊರಿನ ಹೆಸರನ್ನು ಬಲ್ಲವರು ವಿರಳ. ಇಂದು ಹಾಗಿಲ್ಲ. ಕಲಾವಿದ ಡಾ. ಟಿ.ಬಿ. ಸೊಲಬಕ್ಕನವರ ಕೈಯಿಂದ ಅರಳಿದ ಉತ್ಸವ ರಾಕ್ ಗಾರ್ಡನ್ ಇಲ್ಲಿದೆ. 2011ರಲ್ಲಿ ಸ್ಥಾಪನೆಗೊಂಡ ಕರ್ನಾಟಕ ಜಾನಪದ ವಿಶ್ವವಿದ್ಯಾಲಯವೂ ಇಲ್ಲಿಯೇ ನೆಲೆಗೊಂಡಿದೆ. ಒಂದು ಕಡೆ ಉತ್ತರ ಕರ್ನಾಟಕದ ಹಳ್ಳಿಯ ಬಾಳು ಶಿಲ್ಪವಾಗಿ ನಿಂತಿದ್ದರೆ, ಮತ್ತೊಂದು ಕಡೆ ಅದೇ ಬಾಳು ಶಾಸ್ತ್ರವಾಗಿ ಅಧ್ಯಯನಗೊಳ್ಳುತ್ತಿದೆ. ಇವೆರಡರ ನಡುವೆ ಆ ಬಾಳನ್ನು ಇಂದಿಗೂ ಬಾಳುತ್ತಿರುವ ಮನೆಗಳಿವೆ. ಅಂಥ ಒಂದು ಮನೆಯ ಹಿತ್ತಲಿನ ಕಥೆಯನ್ನು ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ. ಅದರಲ್ಲಿ ನನ್ನದೊಂದು ತಪ್ಪೂ ಸೇರಿರುವುದರಿಂದ, ಇದನ್ನು ನಿವೇದನೆ ಎಂದು ತಿಳಿದರೂ ಸರಿಯೆ.

ಈ ಸೀಮೆ ಅತ್ತ ಮಲೆನಾಡೂ ಅಲ್ಲ, ಇತ್ತ ಬಯಲುಸೀಮೆಯೂ ಅಲ್ಲ. ಹಾನಗಲ್ಲಿನ ಕಡೆಗೆ ನಡೆದರೆ ಭತ್ತದ ಗದ್ದೆ, ಕೆರೆ, ಮಾವಿನ ತೋಪು. ಸವಣೂರಿನ ಕಡೆಗೆ ತಿರುಗಿದರೆ ಎರೆಮಣ್ಣು, ಹತ್ತಿ, ಜೋಳ. ನೆಲದ ಗುಣದಂತೆಯೇ ಜನರ ಕೈಗುಣ. ಸವಣೂರಿನ ವೀಳ್ಯದೆಲೆ ದೂರದೂರದ ಪೇಟೆಗಳನ್ನು ಕಂಡಿದೆ. ಅದೇ ಊರಿನ ದೊಡ್ಡಹುಣಸೆ ಕಲ್ಮಠದ ಬೃಹತ್ ವೃಕ್ಷಗಳು ಆಫ್ರಿಕಾ ಖಂಡದ ಮೂಲದವು ಎಂದು ಸಸ್ಯಶಾಸ್ತ್ರಜ್ಞರು ಹೇಳುತ್ತಾರೆ. ಬ್ಯಾಡಗಿಯ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ಖಾರ ಕಡಿಮೆ, ಬಣ್ಣ ಹೆಚ್ಚು ಎಂಬುದು ಅದರ ಹಿರಿಮೆ. ರಾಣೆಬೆನ್ನೂರಿನ ಸುತ್ತಮುತ್ತ ಒಕ್ಕಲು ಮನೆತನಗಳು ತರಕಾರಿಯ ಸಂಕರಣ ಬೀಜಗಳನ್ನು ಸಿದ್ಧಪಡಿಸಿ ಕಂಪನಿಗಳಿಗೆ ಕೊಡುತ್ತವೆ. ಅತ್ತ ಕನಕದಾಸರ ಬಾಡ, ಇತ್ತ ಶರೀಫರ ಶಿಶುವಿನಹಾಳ. ಶಿವಯೋಗಮಂದಿರವನ್ನು 1909ರಲ್ಲಿ ಸ್ಥಾಪಿಸಿದ ಹಾನಗಲ್ಲ ಕುಮಾರ ಶಿವಯೋಗಿಗಳ ಪಾದಧೂಳಿಯಂತೂ ಈ ನಾಡಿನ ದಾರಿದಾರಿಯಲ್ಲಿದೆ.

ಕೆಲವು ವರ್ಷಗಳ ಹಿಂದಿನ ಮಾತು. ಪುಷ್ಯಮಾಸದ ಒಂದು ಸಂಜೆ, ವಿಶ್ವವಿದ್ಯಾಲಯದ ಕಡೆಯ ಕೆಲಸ ಮುಗಿಸಿ ಹೊರಬರುವಷ್ಟರಲ್ಲಿ ಕತ್ತಲೆಯಾಗಿ, ನಾನು ಹೋಗಬೇಕಾದ ಬಸ್ಸು ತಪ್ಪಿತು. ಊರಲ್ಲಿ ಪರಿಚಯದ ಭಕ್ತರ ಮನೆಯೊಂದಿತ್ತು. ಮುನ್ಸೂಚನೆಯಿಲ್ಲದೆ ಹೋಗಿ ಬಾಗಿಲಲ್ಲಿ ನಿಂತೆ. ಮನೆಯ ಹಿರಿಯ ತಾಯಿ ತಂಬಿಗೆ ನೀರು ತಂದಿಟ್ಟು, “ಬರ್ರಿ ಶಾಸ್ತ್ರಿಗಳ, ಹೊತ್ತಾಗಿ ಬಂದ್ರೂ ಬಂದ್ರಲ್ಲ” ಎಂದು ಸಂಭ್ರಮಿಸಿದರು. ಸೊಸೆ ಮನೆಯಲ್ಲಿರಲಿಲ್ಲ; ಸ್ವಸಹಾಯ ಸಂಘದ ಸಭೆಗೆ ಹೋಗಿದ್ದಳು.

ಪೂಜೆ ಮುಗಿಸಿ ಪ್ರಸಾದಕ್ಕೆ ಕುಳಿತಾಗ ತಾಟಿಗೆ ಬಂದದ್ದು ಬಿಸಿ ಜೋಳದ ರೊಟ್ಟಿ, ಗುರೆಳ್ಳಿನ ಪುಡಿ ತುಂಬಿದ ಮುಳಗಾಯಿ ಎಣ್ಣೆಗಾಯಿ. ಬೆಣ್ಣೆಯಂತೆ ಕರಗುವ ತಿರುಳು. ಬೀಜ ಹಲ್ಲಿಗೆ ಸಿಗದು. ಮಠದ ಅನ್ನ ಉಂಡು ಬೆಳೆದ ನನಗೆ ನಾಲಗೆಯ ಚಪಲ ಕಡಿಮೆ ಎಂದು ನಂಬಿದ್ದೆ. ಆ ರಾತ್ರಿ ಆ ನಂಬಿಕೆ ಸುಳ್ಳಾಯಿತು. ತಾಯಿ ಮಾಡಿದ್ದು ನಾಲ್ಕು ಕಾಯಿ; ನಾನು ಮೂರನ್ನು ಉಂಡೆ.

ಬೆಳಗಿನ ಜಾವ ಹಿತ್ತಲಲ್ಲಿ ಮಾತು ಕೇಳಿ ಎಚ್ಚರವಾಯಿತು. ಸೊಸೆ ಕಂದೀಲು ಹಿಡಿದು ಗಿಡಗಳ ನಡುವೆ ನಿಂತಿದ್ದಳು. “ಅತ್ತಿ, ಈ ಸಾಲಿನ್ಯಾಗ ಎಂಟು ಕಾಯಿ ಇದ್ದೂವಲ್ಲ?” ಎಂದಳು. ಅತ್ತೆಯ ಉತ್ತರ ತಡವಾಗಿ ಬಂತು. “ರಾತ್ರಿ ಶಾಸ್ತ್ರಿಗಳು ಬಂದ್ರವಾ. ಮನಿಯಾಗ ಬ್ಯಾರೆ ಕಾಯಿಪಲ್ಲೆ ಇರಲಿಲ್ಲ.” ಅನಂತರ ಇಬ್ಬರೂ ಮಾತಾಡಲಿಲ್ಲ.

ಸಂಗತಿ ಇಷ್ಟು. ಸಮೀಪದ ಪಟ್ಟಣದ ಮಠವೊಂದರ ಜಾತ್ರೆಯ ನಿಮಿತ್ತ ಫಲಪುಷ್ಪ ಪ್ರದರ್ಶನ ಏರ್ಪಟ್ಟಿತ್ತು. ಮನೆಯ ಹಿತ್ತಲಲ್ಲಿ ಬೆಳೆದ ಕಾಯಿಪಲ್ಲೆ, ಹೂಗಳಿಗೆ ಸ್ಪರ್ಧೆಯಿತ್ತು. ಆ ಸೊಸೆ ಮುಳಗಾಯಿಗೂ ಸೇವಂತಿಗೆಗೂ ಹೆಸರು ಕೊಟ್ಟಿದ್ದಳು. ಬೀಜ ಅವಳ ಅತ್ತೆಯ ತವರಿನದು. ಪ್ರತಿವರ್ಷ ಒಂದು ಕಾಯಿಗೆ ದಾರ ಕಟ್ಟಿ, ಹಳದಿಯಾಗಿ ಮಾಗುವವರೆಗೆ ಗಿಡದಲ್ಲಿಯೇ ಬಿಟ್ಟು, ಬೀಜ ತೊಳೆದು, ಕುಳ್ಳಿನ ಬೂದಿಯಲ್ಲಿ ಹೊರಳಿಸಿ, ನೆರಳಲ್ಲಿ ಒಣಗಿಸಿ ಇಡುವುದು ಆ ಮನೆಯ ರೂಢಿ. ಭಾದ್ರಪದದಲ್ಲಿ ಬೀಜ ಚೆಲ್ಲಿ, ಸಸಿ ಕಿತ್ತು ನೆಟ್ಟು, ಬಚ್ಚಲ ನೀರು ಹಾಯಿಸಿ, ಕಾಯಿಕೊರಕ ಹುಳು ಬಿದ್ದ ಕುಡಿಗಳನ್ನು ದಿನವೂ ಚಿವುಟಿ ನಾಲ್ಕು ತಿಂಗಳು ದುಡಿದವಳು ಸೊಸೆ. ಪ್ರದರ್ಶನದ ನಿಯಮದಂತೆ ತಾಟಿನಲ್ಲಿ ಐದು ಕಾಯಿ ಇರಬೇಕು. ಅವಳು ಎಂಟನ್ನು ಒಂದೇ ಅಳತೆಗೆ ಬೆಳೆಸಿಕೊಂಡಿದ್ದಳು. ಉಳಿದದ್ದು ನಾಲ್ಕು. ದಾರ ಕಟ್ಟಿದ ಬೀಜದ ಕಾಯಿಯನ್ನು ಮಾತ್ರ ಅತ್ತೆ ಮುಟ್ಟಿರಲಿಲ್ಲ. ಆದರೆ ಅದು ಪ್ರದರ್ಶನಕ್ಕೆ ಬಾರದು.

ನನಗೆ ಮುಖ ತೋರಿಸುವುದು ಕಷ್ಟವಾಯಿತು. “ತಂಗೀ, ನಾನೂ ಬರ್ತೀನಿ, ಬುಟ್ಟಿ ಹಿಡಕೊಳ್ಳಾಕಾದರೂ ಆಗ್ತೀನಿ” ಎಂದೆ. ಅವಳು ನಕ್ಕಳು, ನಗೆಯಲ್ಲಿ ಸುಖವಿರಲಿಲ್ಲ. ಬೇರೆ ಗಿಡದ ಒಂದು ಕಾಯಿಯನ್ನು ಐದನೆಯದಾಗಿ ಆರಿಸಿದಳು. ತೊಟ್ಟು ಉಳಿಯುವಂತೆ ಕತ್ತರಿಸಿದಳು. ಕಾಯಿಯ ಮೇಲಿನ ಸಹಜ ಹೊಳಪು ಹೋಗಬಾರದೆಂದು ಒರೆಸದೆ, ತೊಳೆಯದೆ, ಬಾಳೆಯೆಲೆಯ ಮೇಲೆ ಒಂದಕ್ಕೊಂದು ತಾಗದಂತೆ ಇಟ್ಟಳು. ಸೇವಂತಿಗೆಯ ಕಡ್ಡಿಗಳನ್ನು ಓರೆಯಾಗಿ ಕೊಯ್ದು, ಕೆಳಗಿನ ಎಲೆ ತೆಗೆದು, ನೀರಿನ ಬಿಂದಿಗೆಯಲ್ಲಿ ನಿಲ್ಲಿಸಿದಳು. ಬಿಂದಿಗೆ ನನ್ನ ಪಾಲಿಗೆ ಬಂತು. ಬಸ್ಸಿನ ಪ್ರತಿ ಕುಲುಕಾಟಕ್ಕೂ ನೀರು ತುಳುಕಿ ನನ್ನ ಧೋತರ ತೊಯ್ದಿತು. ಅದು ನ್ಯಾಯವೇ ಎಂದುಕೊಂಡೆ.

ಇಂಥ ಪ್ರದರ್ಶನಗಳ ಇತಿಹಾಸ ಸ್ವಾರಸ್ಯಕರವಾದುದು. ಕಲಕತ್ತೆಯಲ್ಲಿ 1820ರಲ್ಲಿಯೇ ಪಾದ್ರಿ ವಿಲಿಯಂ ಕೇರಿಯವರು ಕೃಷಿ–ತೋಟಗಾರಿಕೆಯ ಸಂಘವನ್ನು ಕಟ್ಟಿದರು. ಬೆಂಗಳೂರಿನ ಲಾಲ್‌ಬಾಗಿನ ಗಾಜಿನ ಮನೆಗೆ ಅಡಿಗಲ್ಲು ಬಿದ್ದುದು 1889ರಲ್ಲಿ. ಜರ್ಮನಿಯಿಂದ ಬಂದ ಕ್ರುಂಬಿಗಲ್ ಅವರು 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಸೇರಿದರು; 1912ರಲ್ಲಿ ಮೈಸೂರು ತೋಟಗಾರಿಕೆ ಸಂಘ ಹುಟ್ಟಿತು. ಗಣರಾಜ್ಯೋತ್ಸವ, ಸ್ವಾತಂತ್ರ್ಯೋತ್ಸವಗಳ ಸಂದರ್ಭದ ಅಲ್ಲಿಯ ಪುಷ್ಪಪ್ರದರ್ಶನ ನಾಡಿನ ಮನೆಮಾತು. ನಮ್ಮ ಭಾಗದಲ್ಲಿ ಈ ಪದ್ಧತಿ ಜಾತ್ರೆಗಳೊಡನೆ ಬೆರೆತಿದೆ. ಪುಷ್ಯ ಬಹುಳ ಬಿದಿಗೆಯಂದು ತೇರೆಳೆಯುವ ಕೊಪ್ಪಳದ ಗವಿಮಠದ ಜಾತ್ರೆಯಲ್ಲಿಯೂ ಫಲಪುಷ್ಪ ಪ್ರದರ್ಶನ ನಡೆಯುತ್ತದೆ. ತೇರಿಗೆ ಉತ್ತತ್ತಿ ಎಸೆದು ಬಂದ ಒಕ್ಕಲಿಗ, ಕುಂಬಳಕಾಯಿಯ ತೂಕ ನೋಡಿ ಬೆರಗಾಗಿ ಮನೆಗೆ ಮರಳುತ್ತಾನೆ.

ನಾವು ಹೋದ ಪ್ರದರ್ಶನದಲ್ಲಿಯೂ ನಡುವೆ ಹೂವಿನಿಂದ ಕಟ್ಟಿದ ದೊಡ್ಡ ಲಿಂಗವಿತ್ತು. ಜನರು ಅದರ ಮುಂದೆ ನಿಂತು ಮೊಬೈಲಿನಲ್ಲಿ ಚಿತ್ರ ತೆಗೆಸಿಕೊಳ್ಳುತ್ತಿದ್ದರು. ಕಲ್ಲಂಗಡಿಯಲ್ಲಿ ಕೊರೆದ ಶರಣರ ಮುಖಗಳ ಸುತ್ತಲೂ ಗದ್ದಲವಿತ್ತು. ಹಿತ್ತಲ ಬೆಳೆಯ ಮೇಜುಗಳು ಒಂದು ಬದಿಗೆ, ಶಾಮಿಯಾನದ ಕೊನೆಯಲ್ಲಿ. ಅಲ್ಲಿ ನಿಂತಿದ್ದವರು ಬಹುತೇಕ ತಂದವರೇ. ಚವಳಿಕಾಯಿ, ಹೀರೇಕಾಯಿ, ಹಾಗಲಕಾಯಿ, ಬ್ಯಾಡಗಿಯ ಕಡ್ಡಿ ಮತ್ತು ಡಬ್ಬಿ ಮೆಣಸಿನಕಾಯಿ, ದುಂಡುಮಲ್ಲಿಗೆ, ಕನಕಾಂಬರ. ಪ್ರತಿ ತಾಟಿನ ಮುಂದೆ ಒಂದು ಸಂಖ್ಯೆಯ ಚೀಟಿ ಮಾತ್ರ. ಬೆಳೆದವರ ಹೆಸರು ಕಾಣದು.

ನಿರ್ಣಾಯಕರು ಬಂದರು. ಅವರು ನೋಡುವುದು ಗಾತ್ರವೊಂದನ್ನೇ ಅಲ್ಲ. ಆಕಾರ ಬಣ್ಣಗಳ ಸಮಾನತೆ, ತಾಜಾತನ, ರೋಗಕೀಟಗಳಿಲ್ಲದ ಆರೋಗ್ಯ, ಜಾತಿಗೆ ತಕ್ಕ ಲಕ್ಷಣ. ಐದರಲ್ಲಿ ಒಂದು ಬೇರೆಯಾದರೂ ತಾಟಿನ ಅಂಕ ಕುಸಿಯುತ್ತದೆ. ನಮ್ಮ ತಾಟಿನ ಮುಂದೆ ಒಬ್ಬರು ನಿಂತರು; ಮೊದಲ ಕಾಯಿಯನ್ನು ಕೈಗೆತ್ತಿಕೊಂಡು ಪಕ್ಕದವರಿಗೆ ತೋರಿಸಿ ಏನೋ ಮೆಚ್ಚಿ ನುಡಿದರು. ಬಳಿಕ ಐದನೆಯದನ್ನು ಎತ್ತಿದರು, ನೋಡಿದರು, ಮೆಲ್ಲನೆ ಇಟ್ಟರು, ಮುಂದೆ ಸಾಗಿದರು. ಅವರದೇನೂ ತಪ್ಪಿಲ್ಲ. ಬಹುಮಾನ ಪಡೆದ ಐದು ಕಾಯಿ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತೆ ಇದ್ದವು, ಸಂಕರಣ ಬೀಜದವು, ಬೆಳೆದವರ ದುಡಿಮೆಗೆ ತಕ್ಕ ಮನ್ನಣೆ ಅವರಿಗೆ ದೊರೆಯಿತು. ಸೇವಂತಿಗೆಗೂ ಬಹುಮಾನ ಬರಲಿಲ್ಲ.

ನಾನು ಮೊದಲಿನಿಂದಲೂ ಇಂಥ ಸ್ಪರ್ಧೆಗಳನ್ನು ಮೆಚ್ಚಿದವನಲ್ಲ. ಬಾಲ್ಯದಲ್ಲಿ ಮಠದಲ್ಲಿ ನಸುಕಿನಲ್ಲೆದ್ದು ಕಣಗಿಲೆ, ತುಂಬೆ, ಬಿಲ್ವಪತ್ರೆ ಎತ್ತುವುದು ನಮ್ಮ ಕೆಲಸವಾಗಿತ್ತು. ಹೂವನ್ನು ಮೂಸಿ ನೋಡಬಾರದು, ಹೋಲಿಸಬಾರದು, ಲಿಂಗಕ್ಕೆ ಏರಿಸಬೇಕು ಎಂದು ಕಲಿತವರು ನಾವು. ಹೂಗಾರ ಮಾದಯ್ಯನ ಕಾಯಕವನ್ನು ಕೊಂಡಾಡುತ್ತ, ‘ಹೂವಿಗೂ ಅಂಕ ಹಾಕುವ ಕಾಲ ಬಂತು’ ಎಂದು ಪ್ರವಚನಗಳಲ್ಲಿ ಹಾಸ್ಯ ಮಾಡಿದ್ದುಂಟು. ಅಂದು ಮರಳುವಾಗ ಬಸ್ಸು ಕಾಯುತ್ತ ಕಟ್ಟೆಯ ಮೇಲೆ ಕುಳಿತಾಗ ಅದನ್ನೇ ಸ್ವಲ್ಪ ಮೃದುವಾಗಿ ಹೇಳಹೊರಟೆ: “ತಂಗೀ, ಬಹುಮಾನ ಬರಲಿಲ್ಲ ಅಂತ ಮನಸ್ಸಿಗೆ ಹಚ್ಚಿಕೋಬ್ಯಾಡ. ಕಾಯಿ ದಾಸೋಹಕ್ಕೆ ಸಂದಿತು.”

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, ತಲೆ ತಗ್ಗಿಸಿಯೇ ಹೇಳಿದಳು: “ಹೌದ್ರಿ ಶಾಸ್ತ್ರಿಗಳ. ಆದ್ರ ರೇಷನ್ ಕಾರ್ಡಿನ್ಯಾಗ ಅತ್ತಿ ಹೆಸರು, ಹೊಲದ ಉತಾರದಾಗ ಮಾವನ ಹೆಸರು. ಈ ಹಿತ್ತಲದಾಗ ನಾನು ದುಡೀತೀನಿ ಅಂತ ಒಂದು ಚೀಟಿ ಮ್ಯಾಲ ಬರೀಲಿ ಅಂತ ಇತ್ತು ನನಗ. ದಾಸೋಹ ಮಾಡಬ್ಯಾಡ ಅನ್ನಂಗಿಲ್ಲ. ನನ್ನ ಒಂದು ಮಾತು ಕೇಳಿದ್ರ ನಾನೇ ಕೊಯ್ದು ಕೊಡ್ತಿದ್ನಿ.”

ಆ ಮಾತು ನನ್ನನ್ನು ಇಂದಿಗೂ ಬಿಟ್ಟಿಲ್ಲ. ನಾನು ಊರೂರಿನಲ್ಲಿ ಹೇಳಿದ ಆಯ್ದಕ್ಕಿ ಮಾರಯ್ಯ–ಲಕ್ಕಮ್ಮನವರ ಕಥೆ ನೆನಪಾಯಿತು. ಮಹಾಮನೆಯ ಅಂಗಳದಿಂದ ಮಾರಯ್ಯನು ಎಂದಿಗಿಂತ ಹೆಚ್ಚು ಅಕ್ಕಿ ತಂದ ದಿನ, ಲಕ್ಕಮ್ಮ ಅದನ್ನು ಮರಳಿ ಸುರಿದು ಬರುವಂತೆ ಗಂಡನಿಗೇ ಹೇಳಿದಳು. ಆ ಕಥೆಯನ್ನು ನಾನು ಅತಿಯಾಸೆಯ ಖಂಡನೆ ಎಂದಷ್ಟೇ ವಿವರಿಸುತ್ತಿದ್ದೆ. ಅದರಲ್ಲಿ ಇನ್ನೊಂದು ತತ್ತ್ವವಿದೆ: ದಾಸೋಹ ತನ್ನ ಕಾಯಕದಿಂದ ಬರಬೇಕು. ಒಬ್ಬರ ಬೆವರನ್ನು ಅವರನ್ನು ಕೇಳದೆ ಇನ್ನೊಬ್ಬರು ಕೊಟ್ಟರೆ, ಉಂಡವನಿಗೆ ಅದು ಪ್ರಸಾದವಾದರೂ ಸಾಲ ಉಳಿಯುತ್ತದೆ. ನಮ್ಮ ಮನೆಗಳ ದಾಸೋಹದ ಕೀರ್ತಿಯ ಹಿಂದೆ ಇಂಥ ಎಷ್ಟು ಹೆಣ್ಣುಮಕ್ಕಳ ಕೇಳದ ಕಾಯಕವಿದೆಯೋ! ನಾವು ಜಂಗಮರು, ಶಾಸ್ತ್ರಿಗಳು ಅದನ್ನು ಹರಸಿ ಉಂಡು ಮುಂದಿನ ಊರಿಗೆ ನಡೆಯುತ್ತೇವೆ.

ಹಿರಿಯ ತಾಯಿಗೆ ನಾನೇನೂ ಹೇಳಲಿಲ್ಲ. ಹೇಳುವ ಅಧಿಕಾರ ಉಂಡವನಿಗಿಲ್ಲ. ಆದರೆ ನಾವು ಗೊಟಗೋಡಿಗೆ ಮರಳಿದಾಗ ಅವರು ಕಟ್ಟೆಯ ಮೇಲೆ ಕಾಯುತ್ತಿದ್ದರು. ಬುಟ್ಟಿಯನ್ನು ಕೈಗೆ ತೆಗೆದುಕೊಂಡು, ಸೊಸೆಯ ಮುಖ ನೋಡಿ, “ನಿನ್ನ ಒಂದು ಮಾತು ಕೇಳಬೇಕಾಗಿತ್ತವಾ” ಎಂದರು. ಸೊಸೆ, “ಇರಲಿ ಬಿಡ್ರಿ ಅತ್ತಿ” ಎಂದು ಒಳಗೆ ಹೋಗಿ ಚಹಾಕ್ಕಿಟ್ಟಳು. ಪ್ರದರ್ಶನದಿಂದ ಮರಳಿದ ಐದು ಕಾಯಿ ಅಂದು ಯಾರ ತಾಟಿಗೂ ಬೀಳದೆ ಬುಟ್ಟಿಯಲ್ಲಿಯೇ ಉಳಿದವು.

ಆ ವರ್ಷ ದಾರ ಕಟ್ಟಿದ ಕಾಯಿಯ ಬೀಜ ಒಣಗಿದ ಮೇಲೆ, ಅತ್ತೆ ಆ ಪೊಟ್ಟಣವನ್ನು ಸೊಸೆಯ ಟ್ರಂಕಿನಲ್ಲಿ ಇಡಲು ಹೇಳಿದರಂತೆ. ಅಲ್ಲಿಯವರೆಗೆ ಅದು ಅತ್ತೆಯ ಗಡಿಗೆಯಲ್ಲಿರುತ್ತಿತ್ತು. ಮರುವರ್ಷ ಸೊಸೆ ಮತ್ತೆ ಸ್ಪರ್ಧೆಗೆ ಹೆಸರು ಕೊಟ್ಟಳು. ಪರಿಣಾಮವೇನಾಯಿತೆಂದು ವಾಚಕರು ಕೇಳಬಹುದು. ಮೂರನೆಯ ಬಹುಮಾನ ಬಂತು. ಪ್ರಶಸ್ತಿಪತ್ರವನ್ನು ಪಡಸಾಲೆಯಲ್ಲಿ ಬಸವಣ್ಣನವರ ಭಾವಚಿತ್ರದ ಪಕ್ಕದಲ್ಲಿ ತೂಗುಹಾಕಿದ್ದಾರೆ. ಅದರಲ್ಲಿರುವುದು ಅವಳ ಹೆಸರು.

ಗೊಟಗೋಡಿಗೆ ಹೋಗುವವರು ರಾಕ್ ಗಾರ್ಡನ್ನಿನ ಶಿಲ್ಪಗಳನ್ನು ನೋಡಬೇಕು, ನಿಜ. ಅಲ್ಲಿ ದುಡಿಯುವ ಹೆಣ್ಣುಮಕ್ಕಳ ಮೂರ್ತಿಗಳ ಮುಂದೆ ಒಂದು ಗಳಿಗೆ ನಿಂತು, ಬಳಿಕ ಊರೊಳಗಿನ ಹಿತ್ತಲುಗಳನ್ನೂ ನೋಡಿ ಬರಬೇಕು. ನಾನೀಗಲೂ ಆ ಮನೆಗೆ ಹೋಗುತ್ತೇನೆ. ಹೋಗುವ ಮುನ್ನಾದಿನ ಫೋನು ಮಾಡಿ ಸೊಸೆಯನ್ನೇ ಕೇಳುತ್ತೇನೆ: “ತಂಗೀ, ಬರಲೇನು?” ಪುಷ್ಯಮಾಸದಲ್ಲಿ ಮಾತ್ರ, ಜಾತ್ರೆ ಮುಗಿಯುವವರೆಗೆ, ಆ ದಾರಿಯಲ್ಲಿ ಬಸ್ಸು ತಪ್ಪದಂತೆ ಎಚ್ಚರ ವಹಿಸುತ್ತೇನೆ.